ಅಡುಗೆಮನೆಯ ಹಣ್ಣುನೊಣ: ಬಲೆ ಇಡುವ ಮೊದಲು ಅದು ಹುಟ್ಟುವ ಜಾಗ ಹುಡುಕಿ

ಬಾಳೆಹಣ್ಣು ತೆಗೆಯಲು ಬುಟ್ಟಿಗೆ ಕೈ ಹಾಕಿದರೆ ಸಣ್ಣ ನೊಣಗಳ ಹಿಂಡೊಂದು ಒಮ್ಮೆಲೇ ಮೇಲೇಳುತ್ತದೆ, ಕೈ ಹಿಂತೆಗೆದ ಕೂಡಲೇ ಅಲ್ಲೇ ಬಂದು ಕೂರುತ್ತದೆ. ಇದನ್ನು ಕಂಡವರು ಸಾಮಾನ್ಯವಾಗಿ ಮೊದಲು ಮಾಡುವುದು ಬಟ್ಟಲಲ್ಲಿ ವಿನಿಗರ್ ಇಡುವ ಕೆಲಸ. ಬೆಳಗಾಗುವಷ್ಟರಲ್ಲಿ ಹತ್ತಾರು ನೊಣ ಸತ್ತು ತೇಲುತ್ತಿರುತ್ತವೆ, ಉಪಾಯ ಫಲಿಸಿತು ಅನ್ನಿಸುತ್ತದೆ. ಆದರೆ ಬುಟ್ಟಿಯ ಮೇಲೆ ಮತ್ತೆ ಅಷ್ಟೇ ನೊಣ. ಮರುದಿನವೂ ಹಾಗೆಯೇ, ಅದರ ಮರುದಿನವೂ ಹಾಗೆಯೇ. ಕೊನೆಗೆ ಬೇಸತ್ತು ಕೀಟನಾಶಕದ ಡಬ್ಬಿಗೆ ಕೈ ಹೋಗುತ್ತದೆ.

ಹಾರಾಡುವ ನೊಣ ಈ ಸಂಸಾರದ ಒಂದು ಪಾಲು ಮಾತ್ರ. ಉಳಿದ ಪಾಲು, ಅಂದರೆ ಮೊಟ್ಟೆ, ಮರಿಹುಳು, ಕೋಶ, ಎಲ್ಲೋ ಒಂದು ಒದ್ದೆಯಾದ, ಹುಳಿತ ಮೂಲೆಯಲ್ಲಿ ಬೆಳೆಯುತ್ತಿರುತ್ತದೆ. ಆ ಮೂಲೆ ಸಿಗುವ ತನಕ ಎಷ್ಟು ಕೊಂದರೂ ಅಷ್ಟೇ ಹುಟ್ಟುತ್ತವೆ. ಸಿಕ್ಕಿದ ಮೇಲೆ ಉಳಿದ ಕೆಲಸ ಸಲೀಸು. ಹಾಗಾಗಿ ಈ ಬರಹದಲ್ಲಿ ಬಲೆಯ ವಿಷಯ ತಡವಾಗಿ ಬರುತ್ತದೆ. ಮೊದಲು ಗುರುತಿಸುವುದು, ಆಮೇಲೆ ಹುಡುಕುವುದು, ತೆಗೆದು ತೊಳೆಯುವುದು, ನಂತರ ಬಲೆ, ಕೊನೆಗೆ ಕಾಯುವುದು. ದಯವಿಟ್ಟು ಇದೇ ಕ್ರಮದಲ್ಲಿ ಮಾಡಿ.

ಮೊದಲ ಹೆಜ್ಜೆ: ನೊಣ ಯಾವುದೆಂದು ನೋಡಿ

ಅಡುಗೆಮನೆಯಲ್ಲಿ ಸುಳಿಯುವ ಪುಟ್ಟ ಕೀಟಗಳೆಲ್ಲ ಹಣ್ಣುನೊಣಗಳಲ್ಲ. ಗುರುತು ತಪ್ಪಿದರೆ ಸಂಬಂಧವಿಲ್ಲದ ಜಾಗವನ್ನು ದಿನಗಟ್ಟಲೆ ತಿಕ್ಕುತ್ತಾ ಕೂರಬೇಕಾಗುತ್ತದೆ. ಒಂದು ನೊಣವನ್ನು ಅಂಟುಪಟ್ಟಿಗೆ ಅಂಟಿಸಿ ಬೆಳಕಿನಲ್ಲಿ ಹಿಡಿದು ನೋಡಿ. ಮೊಬೈಲ್ ಕ್ಯಾಮೆರಾದಲ್ಲಿ ಹಿಗ್ಗಿಸಿ ನೋಡಿದರೆ ಇನ್ನೂ ಒಳ್ಳೆಯದು. ಸುಮಾರು 3 ಮಿಲಿಮೀಟರ್ ಉದ್ದ, ಹಳದಿ ಬೆರೆತ ಕಂದು ಮೈ, ಹೊಟ್ಟೆಯ ಮೇಲೆ ಕಪ್ಪು ಅಡ್ಡಪಟ್ಟೆ, ಎದ್ದು ಕಾಣುವ ಕೆಂಪು ಕಣ್ಣು ಇದ್ದರೆ ಅದು ಹಣ್ಣುನೊಣ. ವಿಜ್ಞಾನದಲ್ಲಿ ಇದಕ್ಕೆ ಡ್ರೊಸೊಫಿಲಾ ಮೆಲನೊಗ್ಯಾಸ್ಟರ್ ಎಂದು ಹೆಸರು. ಇದೇ ಕುಲದಲ್ಲಿ ಕಪ್ಪಗಿನ ಕಣ್ಣಿನ ಕೆಲವು ಜಾತಿಗಳೂ ಇವೆ, ಆದರೆ ಅವುಗಳಿಗೂ ಮದ್ದು ಇದೇ.

ರೆಕ್ಕೆ ಅಗಲವಾಗಿ ನವಿರು ಕೂದಲು ತುಂಬಿ, ಪುಟಾಣಿ ಪತಂಗದ ಹಾಗೆ ಸಿಂಕ್ ಅಥವಾ ಬಚ್ಚಲಿನ ಗೋಡೆಗೆ ಅಂಟಿ ಕೂತಿದ್ದರೆ ಅದು ಮೋರಿಯ ನೊಣ. ಅದು ಬೆಳೆಯುವುದು ಕೊಳವೆಯೊಳಗಿನ ಲೋಳೆಯಲ್ಲಿ. ಹಣ್ಣಿನ ಬುಟ್ಟಿ ಖಾಲಿ ಮಾಡಿದರೆ ಅದಕ್ಕೇನೂ ಆಗುವುದಿಲ್ಲ. ಕಪ್ಪಗೆ, ತೆಳ್ಳಗೆ, ಉದ್ದ ಕಾಲಿನ ಕೀಟ ಹೂಕುಂಡದ ಸುತ್ತ ಸುಳಿಯುತ್ತಿದ್ದರೆ ಅದರ ಮನೆ ಕುಂಡದ ಒದ್ದೆ ಮಣ್ಣು. ನೀರು ಕಡಿಮೆ ಮಾಡಿ ಮೇಲ್ಮಣ್ಣು ಒಣಗಲು ಬಿಟ್ಟರೆ ಕಡಿಮೆಯಾಗುತ್ತದೆ. ಇನ್ನೊಂದು ಇದೆ: ಬೆನ್ನು ಗೂನಾಗಿ, ಹಾರುವುದಕ್ಕಿಂತ ಹೆಚ್ಚಾಗಿ ಕಟ್ಟೆಯ ಮೇಲೆ ಗಡಿಬಿಡಿಯಲ್ಲಿ ಓಡಾಡುವ ನೊಣ. ಇದು ದೊಡ್ಡ ಸಂಖ್ಯೆಯಲ್ಲಿ ಬಂದು, ಏನು ತೊಳೆದರೂ ಹೋಗದಿದ್ದರೆ ನೆಲದಡಿಯ ಕೊಳವೆ ಒಡೆದಿದೆಯೇ ಎಂದು ಪರೀಕ್ಷಿಸಬೇಕು. ಅದು ಕೊಳಾಯಿ ಕೆಲಸದವರ ಕೈಯಲ್ಲಿ ಆಗುವ ಕೆಲಸ.

ಅದು ಬೆಳೆಯುವ ಬಗೆ

ಕೊಳೆತ ವಸ್ತುವಿನಿಂದ ಹುಳು ತಾನಾಗಿಯೇ ಹುಟ್ಟುತ್ತದೆ ಎಂಬ ನಂಬಿಕೆ ಶತಮಾನಗಳ ಕಾಲ ಇತ್ತು. ಇಟಲಿಯ ವೈದ್ಯ ಫ್ರಾನ್ಸೆಸ್ಕೊ ರೆಡಿ 1668ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಕೆಲವು ಜಾಡಿಗಳಲ್ಲಿ ಮಾಂಸವನ್ನು ತೆರೆದಿಟ್ಟ, ಕೆಲವಕ್ಕೆ ತೆಳುವಾದ ಬಟ್ಟೆ ಕಟ್ಟಿದ. ನೊಣ ಕೂರಲಾಗದ ಜಾಡಿಯ ಮಾಂಸದಲ್ಲಿ ಹುಳು ಬರಲಿಲ್ಲ. ಅಡುಗೆಮನೆಗೆ ಈ ಪ್ರಯೋಗದಿಂದ ಸಿಗುವ ಪಾಠ ಇಂದಿಗೂ ನಿಜ: ನೊಣ ಶೂನ್ಯದಿಂದ ಬರುವುದಿಲ್ಲ. ಎಲ್ಲೋ ಒಂದು ಹೆಣ್ಣು ನೊಣ ಮೊಟ್ಟೆ ಇಟ್ಟಿದೆ, ಅದಕ್ಕೆ ಆ ಜಾಗ ತೆರೆದು ಸಿಕ್ಕಿದೆ.

ಹಣ್ಣುನೊಣವನ್ನು ಸೆಳೆಯುವುದು ಹುದುಗಿನ ವಾಸನೆ. ಹಣ್ಣು ಮಾಗಿ ಸಿಪ್ಪೆ ಬಿರಿದ ಕಡೆ ಯೀಸ್ಟ್ ಸೇರಿಕೊಂಡು ಸಕ್ಕರೆಯನ್ನು ಆಲ್ಕೋಹಾಲ್ ಮಾಡುತ್ತದೆ, ಬ್ಯಾಕ್ಟೀರಿಯಾ ಆ ಆಲ್ಕೋಹಾಲನ್ನು ಅಸಿಟಿಕ್ ಆಮ್ಲ ಮಾಡುತ್ತದೆ. ವಿನಿಗರಿನ ಹುಳಿಗೆ ಕಾರಣವೂ ಅದೇ ಆಮ್ಲ. ಮರಿಹುಳು ತಿನ್ನುವುದು ಮುಖ್ಯವಾಗಿ ಈ ಯೀಸ್ಟ್ ಮತ್ತು ಬ್ಯಾಕ್ಟೀರಿಯಾಗಳನ್ನೇ. ಆದ್ದರಿಂದ ಅದಕ್ಕೆ ಹಣ್ಣೇ ಬೇಕೆಂದಿಲ್ಲ. ಒದ್ದೆಯಾಗಿ ಹುಳಿತ ಯಾವುದಾದರೂ ಸಾಕು, ಬಾಟಲಿಯ ತಳದಲ್ಲಿ ಉಳಿದ ಒಂದು ಗುಟುಕು ಜ್ಯೂಸ್ ಆದರೂ ನಡೆಯುತ್ತದೆ.

ಕಾಲದ ಲೆಕ್ಕ ಗಮನವಿಟ್ಟು ಓದಿ, ಮುಂದಿನ ಎಲ್ಲ ಹೆಜ್ಜೆಗಳೂ ಇದರ ಮೇಲೆ ನಿಂತಿವೆ. ಸುಮಾರು 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮೊಟ್ಟೆ ಒಂದು ದಿನದಲ್ಲಿ ಒಡೆಯುತ್ತದೆ. ಮರಿಹುಳು ನಾಲ್ಕೈದು ದಿನ ತಿಂದು ಬೆಳೆದು, ಒದ್ದೆ ಜಾಗ ಬಿಟ್ಟು ಹತ್ತಿರದ ಒಣ ಅಂಚಿಗೆ ತೆವಳಿ ಕೋಶ ಕಟ್ಟುತ್ತದೆ. ಇನ್ನು ನಾಲ್ಕು ದಿನಕ್ಕೆ ಕೋಶದಿಂದ ನೊಣ ಹೊರಬರುತ್ತದೆ. ಒಟ್ಟು ಹತ್ತು ದಿನ. 18 ಡಿಗ್ರಿಯ ತಂಪಿನಲ್ಲಾದರೆ ಇದರ ಎರಡು ಪಟ್ಟು ಸಮಯ ಹಿಡಿಯುತ್ತದೆ, ಸೆಕೆಗಾಲದಲ್ಲಿ ಹತ್ತು ದಿನಕ್ಕೂ ಮೊದಲೇ ಮುಗಿಯುತ್ತದೆ. ಹೊಸ ಹೆಣ್ಣು ನೊಣ ಒಂದೆರಡು ದಿನದಲ್ಲೇ ಮೊಟ್ಟೆ ಇಡಲು ಶುರುಮಾಡಿ ತನ್ನ ಜೀವಿತದಲ್ಲಿ ನೂರಾರು ಮೊಟ್ಟೆ ಇಡಬಲ್ಲದು. ಮೊಟ್ಟೆಯ ಉದ್ದ ಅರ್ಧ ಮಿಲಿಮೀಟರ್ ಮಾತ್ರ, ಹಣ್ಣಿನ ಮೇಲಿದ್ದರೂ ಬರಿಗಣ್ಣಿಗೆ ಕಂಡೀತೆಂಬ ಭರವಸೆಯಿಲ್ಲ.

ಇಷ್ಟು ಬೇಗ, ಇಷ್ಟು ಸುಲಭವಾಗಿ ಬೆಳೆಯುವುದರಿಂದಲೇ ವಿಜ್ಞಾನಿಗಳಿಗೆ ಇದು ಅಚ್ಚುಮೆಚ್ಚು. ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಥಾಮಸ್ ಹಂಟ್ ಮಾರ್ಗನ್ ಹಾಲಿನ ಸೀಸೆಗಳಲ್ಲಿ ಬಾಳೆಹಣ್ಣು ಹಾಕಿ ಈ ನೊಣಗಳನ್ನು ಸಾಕಿದರು. 1910ರಲ್ಲಿ ಅವುಗಳ ನಡುವೆ ಬಿಳಿ ಕಣ್ಣಿನ ಒಂದು ಗಂಡು ನೊಣ ಕಂಡಿತು. ಅದರ ಜಾಡು ಹಿಡಿದು ನಡೆದ ಸಂಶೋಧನೆ ಅನುವಂಶೀಯತೆಯಲ್ಲಿ ವರ್ಣತಂತುಗಳ ಪಾತ್ರವನ್ನು ತೋರಿಸಿತು, ಮಾರ್ಗನ್ ಅವರಿಗೆ 1933ರ ನೊಬೆಲ್ ಪ್ರಶಸ್ತಿ ಬಂತು. ಒಂದು ಸೀಸೆ, ಒಂದು ತುಂಡು ಹಣ್ಣು: ಪ್ರಯೋಗಾಲಯಕ್ಕೆ ಸಾಕಾದದ್ದು ಅಷ್ಟೇ. ನಮ್ಮ ಅಡುಗೆಮನೆಗಳಲ್ಲಿ ಅಂಥ ಸೀಸೆಗಳು ಎಷ್ಟಿವೆ ಎಂಬುದೇ ಈಗ ನೋಡಬೇಕಾದದ್ದು.

ಎರಡನೆಯ ಹೆಜ್ಜೆ: ಹುಡುಕಾಟ

ಇದಕ್ಕೆ ಒಂದು ಗಂಟೆ ಬಿಡುವು ಮಾಡಿಕೊಳ್ಳಿ. ಟಾರ್ಚ್, ಕೈಗವಸು, ಗಟ್ಟಿಯಾದ ಒಂದು ಚೀಲ ಹತ್ತಿರವಿರಲಿ. ಇಡೀ ಕೆಲಸದಲ್ಲಿ ಹೆಚ್ಚು ಫಲ ಕೊಡುವ ಗಂಟೆ ಇದೇ. ಆತುರದಲ್ಲಿ ಮಾಡಿದರೆ ಮುಂದಿನದೆಲ್ಲ ಮತ್ತೆ ಮಾಡಬೇಕಾಗುತ್ತದೆ.

ಹಣ್ಣಿನ ಬುಟ್ಟಿಯಿಂದ ಶುರುಮಾಡಿ. ಒಂದೊಂದೇ ಹಣ್ಣು ಕೈಗೆತ್ತಿಕೊಂಡು ತಿರುಗಿಸಿ ನೋಡಿ. ಬಾಳೆಹಣ್ಣಿನ ತೊಟ್ಟು ಸೀಳಿದ ಜಾಗ, ಸೇಬಿನ ಕುಳಿ, ಟೊಮೆಟೊ ಬಿರುಕು, ದ್ರಾಕ್ಷಿ ಗೊಂಚಲಿನ ನಡುವಿನ ಒಡೆದ ಒಂದು ಹಣ್ಣು, ಇವೆಲ್ಲ ಮೊಟ್ಟೆ ಇಡಲು ತಕ್ಕ ಜಾಗಗಳು. ಗಟ್ಟಿ ಸಿಪ್ಪೆ ಕೊರೆದು ಮೊಟ್ಟೆ ಇಡುವ ಶಕ್ತಿ ಈ ನೊಣಕ್ಕಿಲ್ಲ. ಗಾಯವಾದ ಅಥವಾ ಅತಿಯಾಗಿ ಮಾಗಿದ ಹಣ್ಣಿನ ಮೇಲೇ ಅದರ ಕಣ್ಣು. ಬುಟ್ಟಿಯ ತಳವನ್ನು ಮರೆಯಬೇಡಿ. ಹಣ್ಣು ಸೋರಿ ಅಂಟಿದ ರಸ ಹೆಣಿಗೆಯ ಸಂದಿನಲ್ಲಿ ಉಳಿದಿರುತ್ತದೆ.

ಮುಂದಿನದು ಆಲೂಗಡ್ಡೆ, ಈರುಳ್ಳಿ. ಅಡುಗೆಮನೆ ಚೊಕ್ಕಟವಾಗಿದ್ದೂ ನೊಣ ಹೋಗದ ಮನೆಗಳಲ್ಲಿ ನಾನು ಮೊದಲು ಅನುಮಾನಿಸುವುದು ಇವುಗಳನ್ನೇ. ಕತ್ತಲ ಮೂಲೆಯ ಡಬ್ಬಿಯಲ್ಲಿ ಮೇಲಿನವು ಚೆನ್ನಾಗಿ ಕಾಣುತ್ತವೆ, ತಳದಲ್ಲಿ ಒಂದೇ ಒಂದು ಗಡ್ಡೆ ಕೊಳೆತು ನೀರಾಗಿರುತ್ತದೆ. ಮೇಲಿಂದ ಇಣುಕಿ ನೋಡಿ ಸಮಾಧಾನಪಡಬೇಡಿ, ಎಲ್ಲವನ್ನೂ ನೆಲದ ಮೇಲೆ ಸುರಿದು ಒಂದೊಂದನ್ನೂ ಒತ್ತಿ ನೋಡಿ. ಡಬ್ಬಿಯಿಂದ ಹೊರಬಿದ್ದು ಕಪಾಟಿನ ಹಿಂದೆ ಉರುಳಿಹೋದ ಗಡ್ಡೆಯೂ ಇರಬಹುದು.

ಆಮೇಲೆ ಕಸದ ಡಬ್ಬಿ. ಒಳಗಿನ ಚೀಲ ಬದಲಾಗುತ್ತಿರುತ್ತದೆ, ಆದರೆ ಚೀಲ ತೂತಾಗಿ ಸೋರಿದ ರಸ ಡಬ್ಬಿಯ ತಳದಲ್ಲೇ ಉಳಿಯುತ್ತದೆ. ಮುಚ್ಚಳದ ಒಳ ಅಂಚು, ಕೀಲು, ಕಾಲಿಂದ ತುಳಿಯುವ ಪೆಡಲಿನ ಸಂದು ನೋಡಿ. ಅಕ್ಕಿಕಾಳಿಗಿಂತ ಸಣ್ಣದಾದ ಕಂದು ಬಣ್ಣದ ಗಟ್ಟಿ ಕಾಳುಗಳು ಸಾಲಾಗಿ ಅಂಟಿಕೊಂಡಿದ್ದರೆ ಅವೇ ಕೋಶಗಳು, ಹುಟ್ಟುವ ಜಾಗ ಅಲ್ಲೇ ಒಂದು ಗೇಣಿನೊಳಗಿದೆ. ಮರುಬಳಕೆಗೆಂದು ಕೂಡಿಟ್ಟ ಬಾಟಲಿ, ಟಿನ್ನುಗಳನ್ನೂ ಒಂದೊಂದಾಗಿ ಎತ್ತಿ ನೋಡಿ. ತೊಳೆಯದ ಜ್ಯೂಸ್ ಬಾಟಲಿ, ಸಾಸ್ ಡಬ್ಬಿ, ಬಿಯರ್ ಅಥವಾ ವೈನ್ ಸೀಸೆ ಒಂದಿದ್ದರೂ ಅದು ಮಾರ್ಗನ್ ಅವರ ಹಾಲಿನ ಸೀಸೆಯ ಕೆಲಸ ಮಾಡುತ್ತದೆ.

ಜನ ನೋಡದೆ ಬಿಡುವ ಜಾಗಗಳನ್ನು ಒಟ್ಟಿಗೆ ಹೇಳುತ್ತೇನೆ. ದಿನವಿಡೀ ಒದ್ದೆಯಾಗಿ ಮುದುಡಿ ಬಿದ್ದಿರುವ ಕಟ್ಟೆ ಒರೆಸುವ ಬಟ್ಟೆ. ಪಾತ್ರೆ ತಿಕ್ಕುವ ಸ್ಪಂಜು ಮತ್ತು ಅದನ್ನಿಡುವ ಪೆಟ್ಟಿಗೆಯ ತಳದ ನೀರು. ಬಕೆಟ್ಟಿನಲ್ಲೇ ಉಳಿದ ನೆಲ ಒರೆಸುವ ಮಾಪ್. ಫ್ರಿಜ್ಜಿನ ಕೆಳಗೆ ಅಥವಾ ಹಿಂಬದಿಯಲ್ಲಿ ನೀರು ಸೇರುವ ತಟ್ಟೆ. ಫ್ರಿಜ್ಜಿನ ಬಾಗಿಲಿನ ರಬ್ಬರ್ ಮಡಿಕೆ. ಮಿಕ್ಸಿ ಜಾರಿನ ತಳದ ರಬ್ಬರ್ ಉಂಗುರ, ಜ್ಯೂಸರಿನ ಜಾಲರಿ. ಸ್ಟೌವ್ ಮತ್ತು ಕಪಾಟಿನ ನಡುವಿನ ಬೆರಳಗಲದ ಸಂದು. ಪಾತ್ರೆ ತೊಳೆಯುವ ಯಂತ್ರವಿದ್ದರೆ ಅದರ ಫಿಲ್ಟರ್. ಮನೆಯಲ್ಲಿ ಸಾಕುಪ್ರಾಣಿ ಇದ್ದರೆ ಅದರ ಒದ್ದೆ ಆಹಾರದ ಬಟ್ಟಲು. ಮಕ್ಕಳಿದ್ದರೆ ಶಾಲೆಯ ಚೀಲ, ಸೋಫಾ ಸಂದಿಯಲ್ಲಿ ತಿಂದುಬಿಟ್ಟ ಹಣ್ಣಿನ ಚೂರು.

ಇಷ್ಟು ನೋಡಿಯೂ ಜಾಗ ಸಿಗದಿದ್ದರೆ ನೊಣವನ್ನೇ ಕೇಳುವ ಉಪಾಯವೊಂದಿದೆ. ನಾಲ್ಕೈದು ಸಣ್ಣ ಬಟ್ಟಲುಗಳಿಗೆ ಒಂದೇ ಪ್ರಮಾಣದಲ್ಲಿ ವಿನಿಗರ್, ಒಂದೊಂದು ಹನಿ ಪಾತ್ರೆ ತೊಳೆಯುವ ದ್ರವ ಹಾಕಿ. ಒಂದನ್ನು ಸಿಂಕಿನ ಪಕ್ಕ, ಒಂದನ್ನು ಕಸದ ಡಬ್ಬಿಯ ಬಳಿ, ಒಂದನ್ನು ಫ್ರಿಜ್ಜಿನ ಕಾಲ ಬುಡದಲ್ಲಿ, ಒಂದನ್ನು ಗಡ್ಡೆಗಳ ಕಪಾಟಿನೊಳಗೆ ಇಡಿ. ಹಣ್ಣುಗಳನ್ನೆಲ್ಲ ಫ್ರಿಜ್ಜಿನೊಳಗೆ ಇಟ್ಟು ಒಂದು ರಾತ್ರಿ, ಒಂದು ಹಗಲು ಬಿಡಿ. ಯಾವ ಬಟ್ಟಲಲ್ಲಿ ಹೆಚ್ಚು ಬಿದ್ದಿವೆಯೋ ಅದರ ಸುತ್ತ ಮತ್ತೊಮ್ಮೆ ಹುಡುಕಿ. ವಿನಿಗರ್ ಬಟ್ಟಲಿನ ಅತ್ಯುತ್ತಮ ಉಪಯೋಗ ಇದು ಎಂದೇ ನನ್ನ ಅಭಿಪ್ರಾಯ. ಕೊಲ್ಲುವುದಕ್ಕಿಂತ ಚೆನ್ನಾಗಿ ಅದು ದಾರಿ ತೋರಿಸುತ್ತದೆ.

ಸಿಂಕಿನ ಕೊಳವೆ: ಅನುಮಾನವಿದ್ದರೆ ಪರೀಕ್ಷೆ ಮಾಡಿ

ಸಿಂಕಿನಿಂದ ಬರುತ್ತಿವೆಯೋ ಇಲ್ಲವೋ ಎಂದು ಊಹಿಸುವುದು ಬೇಡ. ರಾತ್ರಿ ಕೆಲಸ ಮುಗಿದ ಮೇಲೆ ಸಿಂಕನ್ನು ಒಣಗಿಸಿ ಒರೆಸಿ, ಅಗಲವಾದ ಅಂಟುಪಟ್ಟಿಯನ್ನು ಅಂಟು ಕೆಳಮುಖವಾಗಿರುವಂತೆ ಕೊಳವೆ ಬಾಯಿಗೆ ಅಡ್ಡಲಾಗಿ ಹಚ್ಚಿ. ಬಾಯಿಯನ್ನು ಪೂರ್ತಿ ಮುಚ್ಚಬೇಡಿ, ಗಾಳಿಯಾಡಲು ಸ್ವಲ್ಪ ಜಾಗವಿರಲಿ. ಬೆಳಗ್ಗೆ ತೆಗೆದು ನೋಡಿ. ಅಂಟಿನ ಮೇಲೆ ನೊಣ ಇದ್ದರೆ ಅವು ಒಳಗಿನಿಂದ ಬಂದವು. ಒಂದು ರಾತ್ರಿ ಏನೂ ಸಿಗದಿದ್ದರೆ ಇನ್ನೂ ಎರಡು ಮೂರು ರಾತ್ರಿ ಮಾಡಿ ನೋಡಿ, ಬಚ್ಚಲಿನ ಮೋರಿಗೂ ಇದೇ ಪರೀಕ್ಷೆ ಮಾಡಿ.

ಕೊಳವೆಯಲ್ಲಿ ಇವೆ ಎಂದು ಗೊತ್ತಾದರೆ ಮಾಡಬೇಕಾದದ್ದು ತಿಕ್ಕುವುದು. ಕೊಳವೆಯ ಒಳಗೋಡೆಗೆ ಅಂಟಿದ ಲೋಳೆಯ ಪದರವೇ ಅವುಗಳ ಊಟ ಮತ್ತು ಮನೆ. ಉದ್ದ ಹಿಡಿಯ ಬ್ರಶ್ಶಿಗೆ ಪಾತ್ರೆ ತೊಳೆಯುವ ದ್ರವ ಹಾಕಿ ಕೈ ಹೋಗುವಷ್ಟು ಒಳಗೆ ತಿಕ್ಕಿ, ಬಾಯಿಯ ಜಾಲರಿ ಬಿಚ್ಚಿ ಅದರ ಕೆಳಭಾಗ ತಿಕ್ಕಿ, ನಂತರ ಚೆನ್ನಾಗಿ ಬಿಸಿಯಾದ ನೀರು ಬಿಡಿ. ಪಾತ್ರೆಗಳಲ್ಲಿ ಕುದಿಸಿ ಕುದಿಸಿ ಸುರಿಯುವುದು ಬೇಡ, ಪಿವಿಸಿ ಕೊಳವೆ ಮೃದುವಾಗಿ ಜೋಡಣೆ ಸಡಿಲವಾಗಬಹುದು. ಸಿಂಕಿನಡಿಯ ಬಾಗಿದ ಕೊಳವೆಯನ್ನು ಬಿಚ್ಚಲು ಬಂದರೆ ಅಡಿಯಲ್ಲಿ ಬಕೆಟ್ ಇಟ್ಟು ಬಿಚ್ಚಿ ತೊಳೆಯಿರಿ. ಹಳೆಯ ಲೋಳೆಯ ದೊಡ್ಡ ಪಾಲು ಅಲ್ಲೇ ಸಿಗುತ್ತದೆ.

ಅಡುಗೆ ಸೋಡಾ ಹಾಕಿ ವಿನಿಗರ್ ಸುರಿಯುವ ಉಪಾಯ ಬಹಳ ಜನಪ್ರಿಯ. ಬುಸ್ ಎಂದು ನೊರೆ ಬರುವುದರಿಂದ ಭಾರೀ ಕೆಲಸ ನಡೆದಂತೆ ಕಾಣುತ್ತದೆ. ನಿಜದಲ್ಲಿ ಒಂದು ಕ್ಷಾರ, ಒಂದು ಆಮ್ಲ ಸೇರಿ ಒಂದನ್ನೊಂದು ತಟಸ್ಥಗೊಳಿಸುತ್ತವೆ, ಕೊನೆಗೆ ಉಳಿಯುವುದು ಹೆಚ್ಚಾಗಿ ಸೋಡಿಯಂ ಅಸಿಟೇಟ್ ಕರಗಿದ ನೀರು. ಗೋಡೆಗೆ ಅಂಟಿದ ಲೋಳೆ ಅದರಿಂದ ಕಿತ್ತುಬರುವುದಿಲ್ಲ. ಬ್ರಶ್ಶಿನಿಂದ ಮೊದಲು ತಿಕ್ಕಿದ್ದರೆ ಸಡಿಲವಾದ ಕೊಳೆ ತೊಳೆದುಹೋಗಲು ನೊರೆ ಸ್ವಲ್ಪ ನೆರವಾದೀತು, ಅಷ್ಟೇ.

ಬ್ಲೀಚ್ ಬಗ್ಗೆ ಗಟ್ಟಿಯಾಗಿ ಹೇಳಲೇಬೇಕು. ಅದು ಕೊಳವೆಯಲ್ಲಿ ಸರ್ರನೆ ಇಳಿದುಹೋಗುತ್ತದೆ, ಲೋಳೆಯ ಮೇಲ್ಪದರವನ್ನಷ್ಟೇ ಮುಟ್ಟುತ್ತದೆ. ಅದಕ್ಕಿಂತ ದೊಡ್ಡ ವಿಷಯ: ಬ್ಲೀಚ್ ಮತ್ತು ವಿನಿಗರ್ ಸೇರಿದರೆ ವಿಷಕಾರಿ ಕ್ಲೋರಿನ್ ಅನಿಲ ಹೊಮ್ಮುತ್ತದೆ. ಅಮೋನಿಯಾ ಇರುವ ಕ್ಲೀನರಿನೊಂದಿಗೆ ಸೇರಿದರೂ ಉಸಿರು ಕಟ್ಟಿಸುವ ಕ್ಲೋರಮೈನ್ ಹುಟ್ಟುತ್ತದೆ. ನೊಣಕ್ಕೆಂದು ವಿನಿಗರ್ ಸುರಿದ ಸಿಂಕಿಗೆ ಅದೇ ದಿನ ಬ್ಲೀಚ್ ಸುರಿಯುವವರು ಇರುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ.

ಮೂರನೆಯ ಹೆಜ್ಜೆ: ತೆಗೆಯಿರಿ, ತೊಳೆಯಿರಿ, ಒಣಗಿಸಿ

ಸಿಕ್ಕಿದ ಕೊಳೆತ ಹಣ್ಣು, ಗಡ್ಡೆಗಳನ್ನು ಚೀಲದಲ್ಲಿ ಹಾಕಿ ಬಾಯಿ ಬಿಗಿಯಾಗಿ ಕಟ್ಟಿ, ಆ ಕೂಡಲೇ ಮನೆಯಿಂದ ಹೊರಗೆ ಹಾಕಿ. ಅಡುಗೆಮನೆಯ ಕಸದ ಡಬ್ಬಿಗೇ ಹಾಕಿದರೆ ಜಾಗ ಬದಲಾಯಿತೇ ಹೊರತು ಮೊಟ್ಟೆ ಮನೆಯಲ್ಲೇ ಉಳಿಯಿತು. ಹೊರಗಿನ ಕಸದ ಗಾಡಿ ಬರಲು ಎರಡು ದಿನ ಇದೆ ಎಂದಾದರೆ ಚೀಲವನ್ನು ಫ್ರೀಜರಿನಲ್ಲಿಡಿ. ಅಲ್ಲಿನ ಚಳಿಗೆ ಮೊಟ್ಟೆ, ಮರಿಹುಳು ಎರಡೂ ಸಾಯುತ್ತವೆ, ವಾಸನೆಯೂ ಬರುವುದಿಲ್ಲ.

ಡಬ್ಬಿ, ಬುಟ್ಟಿ, ಕಪಾಟಿನ ತಳಗಳನ್ನು ಸೋಪು ಹಾಕಿದ ಬಿಸಿನೀರಿನಲ್ಲಿ ತಿಕ್ಕಿ ತೊಳೆಯಿರಿ. ಕೋಶಗಳು ಗಟ್ಟಿಯಾಗಿ ಅಂಟಿರುತ್ತವೆ, ನೀರು ಸುರಿದರೆ ಸಾಲದು, ಕೆರೆದು ತೆಗೆಯಬೇಕು. ಹಳೆಯ ಸ್ಪಂಜನ್ನು ಎಸೆದುಬಿಡಿ. ಬಟ್ಟೆಗಳನ್ನು ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಿ.

ತೊಳೆದ ಮೇಲೆ ಒಣಗಿಸುವುದು ಅಷ್ಟೇ ಮುಖ್ಯ, ಆದರೆ ಹೆಚ್ಚಿನವರು ಇಲ್ಲಿಗೇ ನಿಲ್ಲಿಸುತ್ತಾರೆ. ಮರಿಹುಳುವಿಗೆ ತೇವ ಬೇಕೇಬೇಕು, ಒಣಗಿದ ಜಾಗದಲ್ಲಿ ಅದು ಬದುಕುವುದಿಲ್ಲ. ರಾತ್ರಿ ಮಲಗುವಾಗ ಸಿಂಕ್ ಒಣಗಿರಲಿ, ಬಟ್ಟೆ ಹರವಿ ಒಣಹಾಕಿರಲಿ, ಸ್ಪಂಜು ಹಿಂಡಿ ನಿಲ್ಲಿಸಿರಲಿ, ಮಾಪ್ ತಲೆಕೆಳಗಾಗಿ ನೇತಾಡುತ್ತಿರಲಿ. ಇದೊಂದೇ ಅಭ್ಯಾಸ ಮುಂದಿನ ಕಾಟದ ಅರ್ಧವನ್ನು ತಪ್ಪಿಸುತ್ತದೆ.

ಉಳಿದ ಒಳ್ಳೆಯ ಹಣ್ಣುಗಳನ್ನು ಎರಡು ವಾರ ಫ್ರಿಜ್ಜಿನಲ್ಲೇ ಇಡಿ. 4 ಡಿಗ್ರಿಯ ಆಸುಪಾಸಿನಲ್ಲಿ ಮೊಟ್ಟೆ ಬೆಳೆಯುವುದಿಲ್ಲ. ಬಾಳೆಹಣ್ಣಿನ ಸಿಪ್ಪೆ ಕಪ್ಪಾಗುತ್ತದೆ, ಒಳಗಿನ ತಿರುಳಿಗೆ ತೊಂದರೆಯಿಲ್ಲ. ಟೊಮೆಟೊ ರುಚಿ ಕೊಂಚ ಕೆಡುತ್ತದೆ, ಎರಡು ವಾರದ ಮಟ್ಟಿಗೆ ಸಹಿಸಿಕೊಳ್ಳಬಹುದು. ಈರುಳ್ಳಿ, ಆಲೂಗಡ್ಡೆಗೆ ಫ್ರಿಜ್ ಬೇಡ. ಒಣಗಿದ, ಗಾಳಿಯಾಡುವ ಜಾಗದಲ್ಲಿ ಒಂದೇ ಪದರವಾಗಿ ಹರಡಿ.

ನಾಲ್ಕನೆಯ ಹೆಜ್ಜೆ: ಈಗ ಬಲೆ

ಹುಟ್ಟುವ ಜಾಗ ಹೋಯಿತು. ಈಗ ಹಾರಾಡುತ್ತಿರುವ ನೊಣಗಳನ್ನು ಹಿಡಿಯಬೇಕು, ಇಲ್ಲದಿದ್ದರೆ ಅವು ಹೊಸ ಜಾಗ ಹುಡುಕುತ್ತವೆ. ಪೈಪೋಟಿಗೆ ಬೇರೆ ಹಣ್ಣಿಲ್ಲದ ಕಾರಣ ಬಲೆ ಈಗ ಮೊದಲಿಗಿಂತ ಎಷ್ಟೋ ಚೆನ್ನಾಗಿ ಕೆಲಸ ಮಾಡುತ್ತದೆ.

ಒಂದು ಸಣ್ಣ ಗಾಜಿನ ಲೋಟಕ್ಕೆ ಎರಡು ಬೆರಳು ಎತ್ತರ ಸೇಬಿನ ವಿನಿಗರ್ ಹಾಕಿ. ಬಣ್ಣವಿಲ್ಲದ ಬಿಳಿ ವಿನಿಗರಿಗಿಂತ ಹಣ್ಣಿನಿಂದ ಮಾಡಿದ ವಿನಿಗರ್ ಹೆಚ್ಚು ಸೆಳೆಯುತ್ತದೆ, ಏಕೆಂದರೆ ಅದರಲ್ಲಿ ಆಮ್ಲದ ಜೊತೆಗೆ ಹುದುಗಿದ ಹಣ್ಣಿನ ಇತರ ವಾಸನೆಗಳೂ ಇರುತ್ತವೆ. ಉಳಿದ ವೈನ್ ಅಥವಾ ಬಿಯರ್ ಆದರೂ ನಡೆಯುತ್ತದೆ. ಒಂದೆರಡು ಹನಿ ಪಾತ್ರೆ ತೊಳೆಯುವ ದ್ರವ ಬೆರೆಸಿ. ಈ ಹನಿಯನ್ನು ಬಿಟ್ಟರೆ ಬಲೆಗೆ ಅರ್ಥವಿಲ್ಲ. ನೀರಿನ ಮೇಲ್ಮೈ ಎಳೆತದಿಂದಾಗಿ ಇಷ್ಟು ಹಗುರವಾದ ನೊಣ ದ್ರವದ ಮೇಲೆ ನಿಂತು ಕುಡಿದು ಹಾರಿಹೋಗಬಲ್ಲದು, ಸೋಪು ಆ ಎಳೆತವನ್ನು ಮುರಿದು ಮುಳುಗಿಸುತ್ತದೆ. ಹೆಚ್ಚು ಸೋಪೂ ಬೇಡ, ಅದರ ಸುಗಂಧ ವಿನಿಗರಿನ ವಾಸನೆಯನ್ನು ಮುಚ್ಚುತ್ತದೆ.

ಲೋಟದ ಬಾಯಿ ತೆರೆದಿಟ್ಟರೂ ಆಗುತ್ತದೆ. ಇನ್ನೂ ಹೆಚ್ಚು ಹಿಡಿಯಬೇಕೆಂದರೆ ಕಾಗದವನ್ನು ಆಲಿಕೆಯಾಕಾರಕ್ಕೆ ಸುತ್ತಿ, ತುದಿಯಲ್ಲಿ ನೊಣ ನುಸುಳುವಷ್ಟು ರಂಧ್ರ ಬಿಟ್ಟು ಲೋಟದೊಳಗೆ ಇಳಿಬಿಡಿ, ತುದಿ ದ್ರವಕ್ಕೆ ತಾಕದಿರಲಿ. ಒಳಗೆ ಹೋದ ನೊಣಕ್ಕೆ ಆ ಸಣ್ಣ ರಂಧ್ರ ಮತ್ತೆ ಸಿಗುವುದು ಅಪರೂಪ. ಅಡುಗೆಗೆ ಬಳಸುವ ತೆಳು ಪ್ಲಾಸ್ಟಿಕ್ ಹಾಳೆಯನ್ನು ಬಾಯಿಗೆ ಬಿಗಿದು, ರಬ್ಬರ್ ಬ್ಯಾಂಡ್ ಹಾಕಿ, ಕಡ್ಡಿಯಿಂದ ನಾಲ್ಕೈದು ತೂತು ಮಾಡಿದರೂ ಅದೇ ಫಲ. ಒಂದು ದೊಡ್ಡ ಬಲೆಗಿಂತ ಮೂರು ಸಣ್ಣ ಬಲೆ ಮೇಲು. ಹಳೆಯ ಹುಟ್ಟುಜಾಗದ ಹತ್ತಿರ ಒಂದು ಇರಲೇಬೇಕು. ಎರಡು ಮೂರು ದಿನಕ್ಕೊಮ್ಮೆ ಚೆಲ್ಲಿ ತೊಳೆದು ಹೊಸದು ಹಾಕಿ.

ವಿನಿಗರ್ ಬದಲು ಕೊಳೆತ ಬಾಳೆಹಣ್ಣಿನ ಚೂರು ಇಡುವವರು ಎಚ್ಚರವಾಗಿರಬೇಕು. ಅದು ಚೆನ್ನಾಗಿ ಸೆಳೆಯುತ್ತದೆ, ಆದರೆ ಅಲ್ಲೇ ಮೊಟ್ಟೆ ಇಡುತ್ತವೆ. ನಾಲ್ಕು ದಿನ ಮರೆತರೆ ಬಲೆಯೇ ತೊಟ್ಟಿಲಾಗುತ್ತದೆ. ಇಟ್ಟರೆ ಎರಡು ದಿನದೊಳಗೆ ಲೋಟ ಸಮೇತ ಮುಚ್ಚಿ ಫ್ರೀಜರಿಗೆ ಹಾಕಿ, ನಂತರ ಎಸೆಯಿರಿ.

ಗುಂಪಾಗಿ ಗೋಡೆಯ ಮೇಲೆ ಕೂತ ನೊಣಗಳಿಗೆ ವ್ಯಾಕ್ಯೂಮ್ ಕ್ಲೀನರಿನ ಕೊಳವೆ ಒಳ್ಳೆಯ ಸಾಧನ. ಸೋಪುನೀರನ್ನು ಸ್ಪ್ರೇ ಬಾಟಲಿಯಲ್ಲಿ ತುಂಬಿ ಹೊಡೆದರೂ ಉದುರುತ್ತವೆ. ಮುಂಜಾನೆ ಮತ್ತು ಸಂಜೆ ಅವುಗಳ ಓಡಾಟ ಹೆಚ್ಚು. ಬಲೆಗೆ ಬೀಳುವುದೂ ಆಗಲೇ ಹೆಚ್ಚು.

ಬೇಡದ ಕೆಲಸಗಳು

ಕೀಟನಾಶಕದ ಸ್ಪ್ರೇಯನ್ನು ಅಡುಗೆಮನೆಯಲ್ಲಿ ಹೊಡೆಯಬೇಡಿ ಎಂಬುದು ನನ್ನ ಖಚಿತ ಮಾತು. ಅದು ಹಾರುವ ನೊಣವನ್ನು ಕೊಲ್ಲುತ್ತದೆ, ಹಣ್ಣಿನೊಳಗಿನ ಮರಿಹುಳುವನ್ನು ತಲುಪುವುದಿಲ್ಲ. ಕಟ್ಟೆ, ಪಾತ್ರೆ, ಆಹಾರದ ಮೇಲೆ ಮಾತ್ರ ಕೂರುತ್ತದೆ. ಸ್ಪಿರಿಟ್ ಸ್ಪ್ರೇ ಮಾಡುವ ಸಲಹೆಯನ್ನೂ ಕೆಲವರು ಕೊಡುತ್ತಾರೆ. ಸ್ಟೌವಿನ ಹತ್ತಿರ ಅದು ಬೆಂಕಿಯ ಅಪಾಯ, ಸೋಪುನೀರು ಅದೇ ಕೆಲಸ ಮಾಡುವಾಗ ಈ ಅಪಾಯವನ್ನು ಏಕೆ ಮೈಮೇಲೆ ಎಳೆದುಕೊಳ್ಳಬೇಕು? ಲವಂಗ ಚುಚ್ಚಿದ ನಿಂಬೆ, ಪುದೀನ, ಸುಗಂಧ ತೈಲ ಇತ್ಯಾದಿಗಳ ವಾಸನೆ ನಿಮಗೆ ಹಿತವೆನಿಸಿದರೆ ಇಡಿ. ಪಕ್ಕದಲ್ಲಿ ಕೊಳೆತ ಗಡ್ಡೆಯೊಂದಿದ್ದರೆ ಅವುಗಳನ್ನು ನೆಚ್ಚಿಕೊಳ್ಳಲಾಗದು.

ಮೊಟ್ಟೆ ಇದ್ದ ಹಣ್ಣು ತಿಂದುಬಿಟ್ಟರೆ ಏನಾದೀತು ಎಂಬ ಭಯ ಹಲವರಿಗಿದೆ. ಗೊತ್ತಿಲ್ಲದೆ ಒಂದೆರಡು ಮೊಟ್ಟೆ ಹೊಟ್ಟೆಗೆ ಹೋದರೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ, ಜೀರ್ಣವಾಗಿಹೋಗುತ್ತವೆ. ಚಿಂತೆ ಬೇರೆ ಕಡೆ ಇದೆ. ಈ ನೊಣ ಕಸ, ಮೋರಿಗಳ ಮೇಲೂ ಕೂರುತ್ತದೆ, ಕತ್ತರಿಸಿಟ್ಟ ಹಣ್ಣಿನ ಮೇಲೂ ಕೂರುತ್ತದೆ. ಅದು ಇ. ಕೋಲೈ, ಸಾಲ್ಮೊನೆಲ್ಲಾದಂಥ ಬ್ಯಾಕ್ಟೀರಿಯಾಗಳನ್ನು ಒಂದು ಜಾಗದಿಂದ ಇನ್ನೊಂದಕ್ಕೆ ಸಾಗಿಸಬಲ್ಲದು ಎಂದು ಪ್ರಯೋಗಾಲಯಗಳಲ್ಲಿ ಕಂಡುಬಂದಿದೆ. ಹಾಗಾಗಿ ನೊಣ ಇರುವಷ್ಟು ದಿನ ಕತ್ತರಿಸಿದ ಹಣ್ಣು, ತರಕಾರಿ, ಮಾಡಿಟ್ಟ ಅಡುಗೆ ಯಾವುದನ್ನೂ ತೆರೆದಿಡಬೇಡಿ.

ಐದನೆಯ ಹೆಜ್ಜೆ: ಎರಡು ವಾರ ಕಾಯಿರಿ, ಎಣಿಸುತ್ತಾ ಇರಿ

ಎಲ್ಲ ಮಾಡಿ ಮುಗಿಸಿದ ಮೂರನೆಯ ದಿನ ನೊಣಗಳು ಕಂಡರೆ ಧೈರ್ಯಗೆಡಬೇಡಿ. ಕಣ್ಣಿಗೆ ಬೀಳದೆ ಉಳಿದ ಕೋಶಗಳಿಂದ ಅವು ಹೊರಬರುತ್ತಿವೆ. ಹತ್ತು ದಿನದ ಲೆಕ್ಕ ನೆನಪಿಡಿ: ಇಂದು ಇಟ್ಟ ಕೊನೆಯ ಮೊಟ್ಟೆ ನೊಣವಾಗಲು ಅಷ್ಟು ದಿನ ಬೇಕು, ತಂಪು ಕಾಲದಲ್ಲಿ ಇನ್ನೂ ಹೆಚ್ಚು. ಆ ಅವಧಿ ಮುಗಿಯುವ ಮೊದಲೇ ಬಲೆ ತೆಗೆದು, ಹಣ್ಣು ಹೊರಗಿಟ್ಟರೆ ಎಲ್ಲ ಮೊದಲಿಂದ ಶುರು.

ಬಲೆ ಬದಲಿಸುವಾಗಲೆಲ್ಲ ಸತ್ತ ನೊಣಗಳನ್ನು ಎಣಿಸಿ ಒಂದು ಚೀಟಿಯಲ್ಲಿ ಬರೆದಿಡಿ. ಸಂಖ್ಯೆ ಇಳಿಯುತ್ತಾ ಹೋಗಿ ಕೊನೆಗೆ ಸೊನ್ನೆಯಾದರೆ ಕೆಲಸ ಆಯಿತು. ಹತ್ತು ಹನ್ನೆರಡು ದಿನವಾದರೂ ಸಂಖ್ಯೆ ಇಳಿಯದಿದ್ದರೆ ಎಲ್ಲೋ ಒಂದು ಜಾಗ ತಪ್ಪಿಹೋಗಿದೆ, ಎರಡನೆಯ ಹೆಜ್ಜೆಗೆ ಮರಳಬೇಕು. ಈ ಸಲ ಅಡುಗೆಮನೆಯಿಂದ ಹೊರಗೂ ನೋಡಿ: ಬಾಲ್ಕನಿಯ ಮೂಲೆ, ಉಗ್ರಾಣ, ಮೆಟ್ಟಿಲ ಕೆಳಗಿನ ಜಾಗ, ಕಿಟಕಿಯ ಹೊರಗೆ ಬಿದ್ದ ಹಣ್ಣು. ಸಾಮಾನ್ಯ ಸೊಳ್ಳೆ ಪರದೆಯ ಕಣ್ಣಿನಲ್ಲಿ ಈ ನೊಣ ನುಸುಳಬಲ್ಲದು, ಆದ್ದರಿಂದ ಕಿಟಕಿಗೆ ಪರದೆ ಇದೆ ಎಂಬ ಒಂದೇ ಕಾರಣಕ್ಕೆ ಹೊರಗನ್ನು ಕೈಬಿಡಬೇಡಿ.

ಹಣ್ಣು ಮನೆಗೆ ಬಂದ ದಿನ

ಎಷ್ಟೋ ಸಲ ನೊಣ ಮನೆಗೆ ಬರುವುದು ಹಣ್ಣಿನ ಮೇಲಿನ ಮೊಟ್ಟೆಯಾಗಿ. ತಂದ ದಿನವೇ ಚೀಲದಿಂದ ತೆಗೆದು, ಒಡೆದವನ್ನು ಬೇರ್ಪಡಿಸಿ ಅಂದೇ ತಿನ್ನಿ ಅಥವಾ ಗಾಯದ ಭಾಗ ಕತ್ತರಿಸಿ ತೆಗೆಯಿರಿ. ಉಳಿದವನ್ನು ಹರಿವ ನೀರಿನಲ್ಲಿ ಕೈಯಿಂದ ಉಜ್ಜಿ ತೊಳೆದು ಪೂರ್ತಿ ಒರೆಸಿ ಒಣಗಿಸಿ. ಒದ್ದೆಯಾಗಿಯೇ ಬುಟ್ಟಿಗೆ ಹಾಕಿದರೆ ತೊಳೆಯದೆ ಇಟ್ಟದ್ದಕ್ಕಿಂತ ಬೇಗ ಕೆಡುತ್ತವೆ. ದ್ರಾಕ್ಷಿ, ಸ್ಟ್ರಾಬೆರಿಯಂಥ ಮೆದು ಹಣ್ಣುಗಳನ್ನು ಮಾತ್ರ ತಿನ್ನುವ ಹೊತ್ತಿಗೆ ತೊಳೆದರೆ ಸಾಕು, ಅಲ್ಲಿಯವರೆಗೆ ಫ್ರಿಜ್ಜಿನಲ್ಲಿರಲಿ. ಬಾಳೆಹಣ್ಣು ಮಾಗುವಾಗ ಎಥಿಲೀನ್ ಅನಿಲ ಬಿಡುತ್ತದೆ, ಪಕ್ಕದ ಹಣ್ಣುಗಳೂ ಅದರಿಂದ ಬೇಗ ಮಾಗುತ್ತವೆ. ಬೇರೆಯಾಗಿ ಇಡುವುದು ಒಳ್ಳೆಯದು. ಬುಟ್ಟಿಯ ಹತ್ತಿರ ಸಣ್ಣ ಫ್ಯಾನ್ ತಿರುಗುತ್ತಿದ್ದರೆ ನೊಣ ಕೂರಲು ಕಷ್ಟಪಡುತ್ತದೆ, ಅವು ಬಲಹೀನ ಹಾರಾಟಗಾರರು.

ಗೊಬ್ಬರ ಮಾಡುವ, ಹುದುಗಿಸುವ ಮನೆಗಳಿಗೆ

ಅಡುಗೆಮನೆ ಕಸದಿಂದ ಗೊಬ್ಬರ ಮಾಡುವವರು ನೊಣಕ್ಕೆ ಹೆದರಿ ಅದನ್ನು ನಿಲ್ಲಿಸಬೇಕಿಲ್ಲ. ಹಸಿ ಸಿಪ್ಪೆಗಳನ್ನು ಒಂದು ಡಬ್ಬಿಯಲ್ಲಿ ಫ್ರೀಜರಿನಲ್ಲೇ ಕೂಡಿಟ್ಟು, ತುಂಬಿದ ಮೇಲೆ ಒಮ್ಮೆಗೇ ಗೊಬ್ಬರದ ಡಬ್ಬಿಗೆ ಸುರಿಯಿರಿ. ಪ್ರತಿ ಸಲವೂ ಮೇಲೆ ಒಣಗಿದ ಎಲೆ, ಮರದ ಹೊಟ್ಟು ಅಥವಾ ಚೂರು ಮಾಡಿದ ಕಾಗದವನ್ನು ಮೂರು ಬೆರಳು ದಪ್ಪ ಹರಡಿ, ಹಣ್ಣಿನ ಯಾವ ಭಾಗವೂ ಹೊರಗೆ ಕಾಣದಂತೆ ಮುಚ್ಚಿ. ಮುಚ್ಚಳದ ಗಾಳಿರಂಧ್ರಗಳಿಗೆ ಒಳಗಿನಿಂದ ತೆಳು ಹತ್ತಿಬಟ್ಟೆ ಅಂಟಿಸಿ.

ವಿನಿಗರ್, ಕೊಂಬುಚಾ, ಹುಳಿಹಿಟ್ಟು ಮುಂತಾದವನ್ನು ಮನೆಯಲ್ಲೇ ಹುದುಗಿಸುವವರ ಜಾಡಿಗಳಿಗೂ ಇದೇ ನಿಯಮ. ಅಗಲ ಕಣ್ಣಿನ ಜಾಲರಿ ಬಟ್ಟೆಯಲ್ಲಿ ನೊಣ ನುಸುಳುತ್ತದೆ. ಒತ್ತಾಗಿ ನೇಯ್ದ ಹತ್ತಿಬಟ್ಟೆಯನ್ನು ಎರಡು ಪದರವಾಗಿ ಮಡಿಸಿ ಬಾಯಿಗೆ ಬಿಗಿದು ರಬ್ಬರ್ ಬ್ಯಾಂಡ್ ಹಾಕಿ. ಗಾಳಿ ಹೋಗುತ್ತದೆ, ನೊಣ ಹೋಗುವುದಿಲ್ಲ. ಜಾಡಿಯ ಹೊರಮೈ, ಕುತ್ತಿಗೆಯ ಮೇಲೆ ಚೆಲ್ಲಿದ ಹನಿಗಳನ್ನು ಆಗಲೇ ಒರೆಸಿ. 'ಬಟ್ಟೆ ಕಟ್ಟಿದ್ದೇನೆ, ಆದರೂ ಮೇಲೆ ನೊಣ' ಎನ್ನುವ ಜಾಡಿಗಳಲ್ಲಿ ಬಟ್ಟೆಗೇ ದ್ರವ ತಾಗಿ ಒದ್ದೆಯಾಗಿರುತ್ತದೆ. ಆ ಬಟ್ಟೆ ಬದಲಿಸಿ, ಮುಂದಿನ ಸಲ ದ್ರವವನ್ನು ಎರಡು ಬೆರಳು ಕೆಳಗೇ ನಿಲ್ಲಿಸಿ.